ಒಬ್ಬರಿಗೆ ಒಂದೇ ಸಾವಿನ ಗಂಟೆ

ನಮ್ಮ ಸಾನ್ ಬಾರ್ತೋಲೊದಲ್ಲಿ ಗಂಟೆಯ ಜೊತೆ ಯಾರೂ ಆಟ ಆಡುವುದಿಲ್ಲ. ಕುಡಿದವನು ಪಾದ್ರಿಯನ್ನು ಬೈದಾನು, ಹೆಂಡತಿ ಸಿಟ್ಟಿಗೆದ್ದು ಗಂಡನ ಟೋಪಿಯನ್ನು ಒಲೆಗೆ ಹಾಕಿಯಾಳು, ಆದರೆ ಗೋಪುರದ ಹಗ್ಗ ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಆ ಹಗ್ಗ ನಲವತ್ತೊಂದು ವರ್ಷ ಒಬ್ಬರೇ ಮನುಷ್ಯರ ಕೈಯಲ್ಲಿತ್ತು. ಅವರ ಹೆಸರು ಫಿಲೆಮೋನ್ ತೆಪಾಲೆ. ಅವರ ಮಗಳು ದೆಲ್ಫಿನಾಳಿಗೆ ನಾನು ಜ್ಞಾನಸ್ನಾನದ ತಾಯಿ. ಹಾಗಾಗಿ ಅವರು ನನಗೆ ಕೊಂಪಾದ್ರೆ, ನಾನು ಅವರಿಗೆ ಕೊಮಾದ್ರೆ. ನಮ್ಮಲ್ಲಿ ಈ ನಂಟು ಒಡಹುಟ್ಟಿದವರ ನಂಟಿಗಿಂತ ಒಂದು ತೂಕ ಹೆಚ್ಚು. ಅಣ್ಣತಮ್ಮಂದಿರ ಜೊತೆ ಜಗಳ ಆಡಬಹುದು, ಕೊಂಪಾದ್ರೆಯ ಜೊತೆ ಆಡಕೂಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ನನ್ನ ಪಾಲೂ ಇದೆ. ಅದು ಒಳ್ಳೆಯ ಪಾಲಲ್ಲ.

ನಾನು ಎಪಿಫಾನಿಯಾ, ಊರಿಗೆಲ್ಲ ಪಿಫಾ. ಚೌಕದ ಮೂಲೆಯ ಜೋಳದ ಗಿರಣಿ ನನ್ನದು. ಸುಣ್ಣದ ನೀರಿನಲ್ಲಿ ಬೆಂದ ಜೋಳದ ಬಕೆಟ್ಟು ಹೊತ್ತು ಹೆಂಗಸರು ಬೆಳಗಾಗುತ್ತಲೇ ಸಾಲು ನಿಲ್ಲುತ್ತಾರೆ. ಊರಿನ ಹಿಟ್ಟೂ ಊರಿನ ಸುದ್ದಿಯೂ ನನ್ನ ಗಿರಣಿಯಲ್ಲಿ ಬೀಸಿಯೇ ಮನೆಗೆ ಹೋಗಬೇಕು. ನನ್ನ ಯಂತ್ರ ಆಗ ಪೆಟ್ರೋಲಿನಲ್ಲಿ ಓಡುತ್ತಿತ್ತು. ಇದನ್ನೂ ನೆನಪಿಡಿ.

ದೋನ್ ಫಿಲೆಮೋನ್ ಕುಳ್ಳಗಿನ, ಅಗಲ ಭುಜದ ಮನುಷ್ಯ. ಗೌರವಕ್ಕೆ ನಮ್ಮಲ್ಲಿ ಗಂಡಸರನ್ನು ದೋನ್, ಹೆಂಗಸರನ್ನು ದೋನ್ಯಾ ಎನ್ನುತ್ತೇವೆ. ವರ್ಷಗಟ್ಟಲೆ ಗಂಟೆಯ ಬಾಯಿಯ ಕೆಳಗೆ ನಿಂತು ಬಲಗಿವಿ ಪೂರ್ತಿ ಹೋಗಿತ್ತು. ಕಿವುಡರು ಜೋರಾಗಿ ಮಾತಾಡುತ್ತಾರೆ ಅನ್ನುತ್ತಾರಲ್ಲ, ಇವರದು ತಿರುಗುಮುರುಗು. ಮಾತು ಎಷ್ಟು ಮೆತ್ತಗೆಂದರೆ ಎದುರು ನಿಂತವರೇ ಬಗ್ಗಿ ಕೇಳಬೇಕು. 'ನನ್ನ ದನೀನೆಲ್ಲ ಗ್ರೆಗೋರಿಯಾ ತಗೊಂಡ್ಬಿಟ್ಟಳು ಕೊಮಾದ್ರೆ' ಎಂದು ನಗುತ್ತಿದ್ದರು. ಗ್ರೆಗೋರಿಯಾ ಎಂದರೆ ದೊಡ್ಡ ಗಂಟೆ. ಸನ್ಯಾಸಿಗಳ ಕಾಲದಲ್ಲಿ ಇಗರ್ಜಿಯ ಅಂಗಳದಲ್ಲೇ ಗುಂಡಿ ತೋಡಿ ಎರಕ ಹೊಯ್ದದ್ದು. ಕಾದ ಕಂಚಿನೊಳಕ್ಕೆ ಊರ ಹೆಂಗಸರೆಲ್ಲ ತಮ್ಮ ಉಂಗುರ, ಓಲೆ ಹಾಕಿದರಂತೆ. ನಮ್ಮ ಮನೆತನದ ಮುದುಕಿಯೊಬ್ಬಳು ಒಂದು ಓಲೆ ಹಾಕಿ ಇನ್ನೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳಂತೆ, ಅದಕ್ಕೇ ಗ್ರೆಗೋರಿಯಾಳ ದನಿ ಒಂದು ಮಗ್ಗುಲಿಗೆ ಒರಟು. ಈ ಮಾತನ್ನು ನನ್ನೆದುರಿಗೆ ಆಡದ ಮನುಷ್ಯ ಊರಲ್ಲಿಲ್ಲ.

ಬೆಳಗಿನ ಗಂಟೆ, ಪೂಜೆಯ ಗಂಟೆ, ಆಲಿಕಲ್ಲಿನ ಮೋಡ ಬಂದಾಗಿನ ಗಂಟೆ, ಇವೆಲ್ಲ ಬೇರೆ ಊರುಗಳಲ್ಲೂ ಇವೆ. ನಮ್ಮ ಊರಿನದೇ ಆದವು ಎರಡು. ಒಂದು ಕೂಗುಗಂಟೆ. ದೊಡ್ಡದನ್ನೂ ಚಿಕ್ಕದನ್ನೂ ಒಟ್ಟಿಗೆ, ಲೆಕ್ಕವಿಲ್ಲದೆ, ಹುಚ್ಚು ಹಿಡಿದ ಹಾಗೆ ಬಾರಿಸುವುದು. ಅದು ಕೇಳಿದರೆ ಗಂಡಸರು ಹೊಲದಿಂದ ಮಚ್ಚು ಹಿಡಿದೇ ಓಡಿ ಬರಬೇಕು. ಎರಡನೆಯದು ಸಾವಿನ ಗಂಟೆ. ಗಂಡಸು ಸತ್ತರೆ ಗ್ರೆಗೋರಿಯಾಳಿಗೆ ಮೂರು ಸಲ ಮೂರು ಏಟು, ಹೆಂಗಸು ಸತ್ತರೆ ಮೂರು ಸಲ ಎರಡು. ಕೊನೆಯ ಏಟು ಬಿದ್ದ ಮೇಲೆ ಗಂಟೆಯವನು ಗೋಪುರದ ಕಟ್ಟೆಗೆ ಬಂದು ಸತ್ತವರ ಹೆಸರು ಹೇಳುತ್ತಾನೆ. ಹೆಸರು ಬರುವ ತನಕ ಯಾರೂ ಉಸಿರು ಬಿಡಕೂಡದು. ಹೆಸರು ಬಂದ ಮೇಲೆ ಟೋಪಿ ತೆಗೆದು, ಮಂಡಿಯೂರಿ, ಪ್ರಾರ್ಥನೆ ಹೇಳಿ, ಸತ್ತವರ ಮನೆಗೆ ಹೋಗಬೇಕು. ಹೆಣ ಮಣ್ಣಿಗೆ ಹೋಗುವವರೆಗೆ ಊರಿನಲ್ಲಿ ಯಾರೂ ಹೊಸದಾಗಿ ಬೆಂಕಿ ಹಚ್ಚಕೂಡದು, ಇದ್ದ ಒಲೆಗೂ ಬೂದಿ ಮುಚ್ಚಬೇಕು. ದಾರಿ ತಿಳಿಯದ ಆತ್ಮ ಬೆಳಕು ಕಂಡ ಕಡೆ ನುಗ್ಗಿ ಸುಟ್ಟುಕೊಳ್ಳುತ್ತದೆ ಎಂದು ನಂಬಿಕೆ.

ಇನ್ನೊಂದು ಮಾತು. ಒಬ್ಬರಿಗೆ ಒಂದೇ ಸಾವಿನ ಗಂಟೆ. ಗ್ರೆಗೋರಿಯಾ ಸುಳ್ಳು ಹೇಳುವುದಿಲ್ಲ. ಅವಳ ಏಟಿನ ಮೇಲೆ ಯಾರ ಹೆಸರು ಬಂತೋ ಅವರ ಋಣ ತೀರಿತು. ಬದುಕಿದ್ದವರ ಹೆಸರು ಬಂದರೆ ಅವರು ವರ್ಷದೊಳಗೆ ಹೋಗುತ್ತಾರೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ, ಆ ಮಂಗಳವಾರದವರೆಗೆ.

ಆ ಮಂಗಳವಾರದ ಬೇರು ಮೂರು ವರ್ಷ ಹಿಂದಕ್ಕಿದೆ. ದೋನ್ ಫಿಲೆಮೋನರ ಹೆಂಡತಿ ರುಪೆರ್ತಾ ತೀರಿಕೊಂಡಳು. ಅವರು ತಮ್ಮ ಹೆಂಡತಿಗೆ ತಾವೇ ಗಂಟೆ ಹೊಡೆದು, ಹೆಸರು ಹೇಳಿ, ಕೆಳಗಿಳಿದು, ಶವಪೆಟ್ಟಿಗೆಗೆ ಹೆಗಲು ಕೊಟ್ಟು ಸ್ಮಶಾನಕ್ಕೆ ನಡೆದರು. ಊರಿಗೆ ಊರೇ ಹಿಂದೆ ಹೋಯಿತು. ಇಗರ್ಜಿಯಲ್ಲಿ ಉಳಿದವಳು ಗುಡಿಸುವ ಕುಂಟ ಮುದುಕಿ ಒಬ್ಬಳೇ. ಆಗ ಒಂದು ಗಾಡಿ ಬಂತು. ಇಬ್ಬರು ಇಳಿದು, ಮೊಹರು ಹಾಕಿದ ಕಾಗದ ತೋರಿಸಿ, ದುರಸ್ತಿಗೆ ಒಯ್ಯುತ್ತೇವೆ ಎಂದರು. ಪೀಠದ ಎರಡೂ ಬದಿ ಇನ್ನೂರೈವತ್ತು ವರ್ಷ ನಿಂತಿದ್ದ ಮರದ ದೇವದೂತರನ್ನು ಕಂಬಳಿ ಸುತ್ತಿ ಹೊತ್ತುಕೊಂಡು ಹೋದರು. ಮುದುಕಿ ಬಾಗಿಲು ತೆರೆದು ಹಿಡಿದಿದ್ದಳಂತೆ, ಪಾಪ. ಆ ದೇವದೂತರು ಮತ್ತೆ ಸಿಗಲಿಲ್ಲ. ಎಡಗಡೆಯವನ ತೋಳಿಗೆ ನಾನು ಹುಡುಗಿಯಾಗಿದ್ದಾಗ ಹೆಣೆದ ಲೇಸು ಕಟ್ಟಿದ್ದೆ, ಅದೂ ಹೋಯಿತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಹಾಗೆ ಆಮೇಲೆ ಊರ ಸಭೆ ಸೇರಿತು. ಕಟುಕರ ಬಾಲ್ತಸಾರ್ ಎದ್ದು ನಿಂತು, 'ಇನ್ನೊಂದ್ಸಲ ಬಂದೋನು ತಿರುಗಿ ಹೋಗಬಾರದು, ಅಷ್ಟೆ' ಎಂದ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ದೋನ್ ಫಿಲೆಮೋನರ ಕಡೆ ತಿರುಗಿ, 'ಹೆಂಡತಿಗೆ ಗಂಟೆ ಹೊಡಿಯೋಕೆ ನೆನಪಿತ್ತು, ಕಳ್ಳರಿಗೆ ಹೊಡಿಯೋಕೆ ಮರೆತುಹೋಯ್ತು ನೋಡಿ ನಮ್ಮ ಗಂಟೆಯವರಿಗೆ' ಎಂದ. ಹೆಂಡತಿ ಮಣ್ಣಾಗಿ ಒಂಬತ್ತು ದಿನ ಆಗಿರಲಿಲ್ಲ. ಅವರು ಅವತ್ತಿನಿಂದ ಊಟವನ್ನೂ ಗೋಪುರದ ಮೇಲೇ ಮಾಡತೊಡಗಿದರು. ದೆಲ್ಫಿನಾ ಗಿರಣಿಯಲ್ಲಿ ನನಗೆ ಸಹಾಯಕ್ಕಿದ್ದಳು. ಮಧ್ಯಾಹ್ನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗಿಟ್ಟರೆ ಅವರು ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಬಿಸಿ ಹಾಲು ಕುಡಿದ ಬೆಕ್ಕಿನ ಹಾಗೆ ಮೂರು ವರ್ಷ ಆ ಮನುಷ್ಯ ಮೇಲಿನಿಂದ ಅಂಗಳವನ್ನೇ ನೋಡುತ್ತ ಕುಳಿತರು.

ಸಂತ ಬಾರ್ತೋಲೊನ ಹಬ್ಬಕ್ಕೆ ಇನ್ನು ಎರಡು ವಾರ ಇತ್ತು. ಆ ಮಂಗಳವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಬೆಟ್ಟದ ಹಿಂದೆ ಮೋಡ ಏಳುತ್ತಿತ್ತು. ನಾನೂ ದೆಲ್ಫಿನಾಳೂ ಗಿರಣಿಯ ಕಲ್ಲು ತೊಳೆಯುತ್ತಿದ್ದೆವು. ಆಗ ಕೂಗುಗಂಟೆ ಶುರುವಾಯಿತು.

ದೆಲ್ಫಿನಾ ಬಕೆಟ್ಟು ಬಿಟ್ಟು ಓಡಿದಳು, ಹಿಂದೆ ನಾನು. ನಾಲ್ಕೂ ಕಡೆಯಿಂದ ಜನ ಬರುತ್ತಿದ್ದರು. ನಾವು ಅಂಗಳ ಸೇರುವ ಹೊತ್ತಿಗೆ ಅಲ್ಲಿ ನೂರು ಜನ ಇದ್ದರು. ಮಧ್ಯದಲ್ಲಿ ಇಬ್ಬರು ಅಪರಿಚಿತರು. ಒಬ್ಬ ಐವತ್ತರ ಆಸುಪಾಸಿನ, ಗಡ್ಡದ, ಕನ್ನಡಕದ ಮನುಷ್ಯ. ಇನ್ನೊಬ್ಬಳು ಹಳದಿ ಅಂಗಿಯ ಹುಡುಗಿ, ದೆಲ್ಫಿನಾಳದೇ ಪ್ರಾಯ, ಇಪ್ಪತ್ತೋ ಇಪ್ಪತ್ತೊಂದೋ. ನೆಲದ ಮೇಲೆ ಒಂದು ಬಿಳಿ ಬಟ್ಟೆ. ಯಾರೋ ಆಗಲೇ ಸಂತನ ಮೂರ್ತಿಯನ್ನು ಎತ್ತಿಕೊಂಡು ಒಳಗೆ ಓಡಿದ್ದರು. 'ಬಟ್ಟೇಲಿ ಸುತ್ಕೊಂಡು ಹೊರಟಿದ್ರು! ಕೂಸನ್ನ ಎತ್ಕೊಂಡು ಹೋಗೋ ಹಾಗೆ!' ಎಂದು ಒಬ್ಬಳು ಚೀರುತ್ತಿದ್ದಳು.

ನಮ್ಮ ಸಂತ ಮೂರು ಗೇಣು ಎತ್ತರದವನು. ವರ್ಷಕ್ಕೊಂದು ಸಲ, ಹಬ್ಬದ ದಿನ, ಪಟಾಕಿ ಹಾರಿಸಿ, ಗಂಟೆ ಹೊಡೆದು, ನಾಲ್ಕು ಜನರ ಹೆಗಲ ಮೇಲೆ ಹೊರಗೆ ಬರುತ್ತಾನೆ. ಉಳಿದಂತೆ ಅವನು ಗೂಡು ಬಿಟ್ಟು ಕದಲುವವನಲ್ಲ. ಅವನನ್ನು ಬಟ್ಟೆಯಲ್ಲಿ ಸುತ್ತಿ ಬಗಲಲ್ಲಿ ಹಿಡಿದು ಬಾಗಿಲು ದಾಟಿದ ಮೇಲೆ ಇನ್ನೇನು ಕೇಳುವುದಿದೆ? ನಮಗೆ ಯಾರಿಗೂ ಏನೂ ಕೇಳಬೇಕೆನಿಸಲಿಲ್ಲ.

ಗಡ್ಡದವನು ಕೈ ಮುಗಿಯುತ್ತಿದ್ದ. 'ನಾವು ಪಟ್ಟಿ ಮಾಡೋಕೆ ಬಂದೋರು, ಯಜಮಾನ್ರೇ. ಹಳೇ ಮೂರ್ತಿಗಳ ಅಳತೆ, ಫೋಟೋ ತಗೊಳ್ಳೋಕೆ. ಒಳಗೆ ಕತ್ತಲೆ, ಅದಕ್ಕೇ ಬಿಸಿಲಿಗೆ ತಂದ್ವಿ. ಪಾದ್ರಿಗಳ ಕಾಗದ ನಿಮ್ಮ ಇಗರ್ಜಿ ಯಜಮಾನರಿಗೆ ಮೊನ್ನೇನೇ ಬಂದಿದೆ. ಇಲ್ಲಿದೆ ನೋಡಿ ಅದರ ನಕಲು.'

ಇಗರ್ಜಿಯ ಯಜಮಾನ ಮೆಲಿತೋನ್ ಮಗಳ ಮದುವೆಗೆಂದು ಪುಯೆಬ್ಲಾ ಪಟ್ಟಣಕ್ಕೆ ಹೋಗಿದ್ದ. ಕಾಗದ ಅವನ ಜೇಬಿನಲ್ಲೇ ಮದುವೆಗೆ ಹೋಗಿತ್ತು. ಪಾದ್ರಿ ತಿಂಗಳಿಗೆರಡು ಸಲ ಬರುವವರು. ಹಾಗಂತ ನಮಗೆ ಆಮೇಲೆ ತಿಳಿದದ್ದು.

ಬಾಲ್ತಸಾರ್ ಆ ನಕಲು ಕಿತ್ತುಕೊಂಡು ಮೇಲೆತ್ತಿ ಎಲ್ಲರಿಗೂ ತೋರಿಸಿದ. 'ಮೊಹರು ಇದೆ! ಹೋದ್ಸಲ ಬಂದೋರ ಹತ್ರಾನೂ ಮೊಹರು ಇತ್ತು, ನೆನಪಿದೆಯೇನ್ರಪ್ಪಾ?'

ನೆನಪಿತ್ತು. ಆ ಒಂದು ಮಾತಿಗೆ ಜನ ಉರಿದೆದ್ದರು. ಗಡ್ಡದವನ ಕನ್ನಡಕ ಬಿತ್ತು, ಮೂಗಿನಿಂದ ರಕ್ತ ಬಂತು. ಇಬ್ಬರನ್ನೂ ಚೌಕಕ್ಕೆ ಎಳೆದು ತಂದು, ನಡುವಿನ ವಾದ್ಯಮಂಟಪದ ಕಬ್ಬಿಣದ ಕಂಬಿಗೆ ಕಟ್ಟಿದರು. ಊರಿಗಿದ್ದ ಇಬ್ಬರು ಪೊಲೀಸರು ತಮ್ಮ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡರು. ಅವರನ್ನು ನಾನು ಬೈಯಲಾರೆ. ನಾನು ಅವರಿಗಿಂತ ಕೆಟ್ಟದ್ದು ಮಾಡಿದೆ.

'ಯಜಮಾನರು ಬರೋ ತನಕ ಕಾಯ್ರಿ, ಅವರನ್ನ ಕೇಳ್ರಿ' ಎಂದು ಹುಡುಗಿ ಅಂದಳು. ಬಾಲ್ತಸಾರ್ ನಕ್ಕ. 'ಕುರಿ ಕೇಳಿ ಮಸಾಲೆ ಅರೀತಾರೇನವ್ವಾ?' ಜನರೂ ನಕ್ಕರು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ, ಯಾಕೆಂದರೆ ಅದರಲ್ಲಿ ನನ್ನದೂ ಇತ್ತು.

ಆಮೇಲೆ ಯಾರೋ, 'ಪೆಟ್ರೋಲ್ ಎಲ್ಲಿದೆ?' ಎಂದರು. ಇನ್ನೊಬ್ಬರು, 'ಪಿಫಾ ಗಿರಣೀಲಿ' ಎಂದರು.

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಯಾರೂ ನನ್ನನ್ನು ನೂಕಲಿಲ್ಲ, ಹೆದರಿಸಲಿಲ್ಲ. ಇಲ್ಲ ಎಂದಿದ್ದರೆ ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ನನಗೆ ಲೇಸು ಕಟ್ಟಿದ ಆ ಮರದ ತೋಳು ಕಣ್ಣೆದುರು ಬಂತು, ಅದೊಂದೇ ಬಂತು. ನಾನು ಹೋಗಿ ಕ್ಯಾನ್ ತಂದೆ. ಅರ್ಧಕ್ಕಿಂತ ಹೆಚ್ಚು ತುಂಬಿತ್ತು, ಎರಡು ಕೈಯಲ್ಲಿ ಹಿಡಿದು ತಂದೆ. ದೆಲ್ಫಿನಾ ನನ್ನ ಶಾಲು ಜಗ್ಗಿ, 'ಅಮ್ಮಾ, ಬೇಡ ಅಮ್ಮಾ' ಎನ್ನುತ್ತಿದ್ದಳು. 'ನೀನು ಸುಮ್ನಿರು' ಎಂದು ಅವಳನ್ನು ಗದರಿಸಿದೆ.

ಕೂಗುಗಂಟೆ ಯಾವಾಗಲೋ ನಿಂತುಹೋಗಿತ್ತು, ಗಲಾಟೆಯಲ್ಲಿ ನಮ್ಮ ಗಮನಕ್ಕೆ ಬಂದಿರಲಿಲ್ಲ. ಕ್ಯಾನ್ ಕೆಳಗಿಟ್ಟು ತಲೆ ಎತ್ತಿದಾಗ ಗೋಪುರದ ಕಟ್ಟೆಯಲ್ಲಿ ದೋನ್ ಫಿಲೆಮೋನರು ಕಂಡರು. ಟೋಪಿ ಬೀಸುತ್ತಿದ್ದರು, ಬಾಯಿ ತೆರೆದು ಏನೋ ಕೂಗುತ್ತಿದ್ದರು. ಇನ್ನೂರು ಜನರ ಗದ್ದಲದಲ್ಲಿ ಆ ಮೆತ್ತನೆಯ ಗಂಟಲು ಎಲ್ಲಿ ಕೇಳಬೇಕು? ಅವರು ನಮ್ಮನ್ನು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡೆ. ನಾನೂ ಕೈ ಎತ್ತಿ ಬೀಸಿದೆ. ದೇವರೇ, ನಾನು ಅವರಿಗೆ ಕೈ ಬೀಸಿದೆ.

ಬಾಲ್ತಸಾರ್ ಕ್ಯಾನಿನ ಮುಚ್ಚಳ ತೆಗೆದ. ಗಡ್ಡದವನ ಬೂಟು, ಪ್ಯಾಂಟು, ಹೊಟ್ಟೆಯ ಮೇಲೆ ಸುರಿದ. ಹುಡುಗಿಯ ಮೇಲೂ ಸುರಿದ. ವಾಸನೆ ಚೌಕದ ತುಂಬ ಹರಡಿತು. ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು, ಆದರೆ ಯಾರೂ ಹೊರಟುಹೋಗಲಿಲ್ಲ. ಗಡ್ಡದವನು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುತ್ತಿದ್ದ, ನಾವು ಹೇಳುವ ಅದೇ ಪ್ರಾರ್ಥನೆ. ಹುಡುಗಿ ಬಾಲ್ತಸಾರನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಹೆಂಗಸು ಎಂದಿರಬೇಕು, ವಯಸ್ಸಾದವಳು ಎಂದಿರಬೇಕು. 'ಅಮ್ಮಾ, ನೀವಾದ್ರೂ ಹೇಳಿ' ಎಂದಳು. ನನ್ನ ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು, ಅದರ ಜಾಗಕ್ಕೆ ಹೆದರಿಕೆ ಬಂದಿತ್ತು. ಈಗ ಬೇಡ ಎಂದರೆ ಇಷ್ಟು ಹೊತ್ತು ಮಾಡಿದ್ದೇನು ಎಂದು ಜನ ಕೇಳಿದರೆ? ಇಂಥ ಸಣ್ಣ ನಾಚಿಕೆಗೆ ಇಬ್ಬರನ್ನು ಸುಡಲು ಬಿಡುವವಳಿದ್ದೆ ನಾನು.

ಬಾಲ್ತಸಾರ್ ಬೆಂಕಿಪೆಟ್ಟಿಗೆ ತೆಗೆದ. ಒಂದು ಕಡ್ಡಿ ಹೊರಕ್ಕೆಳೆದ.

ಆಗ ಗ್ರೆಗೋರಿಯಾ ಒಂದು ಏಟು ಹೊಡೆದಳು.

ಒಂದೇ. ಆಮೇಲೆ ಬಿಡುವು. ಇನ್ನೊಂದು. ಬಿಡುವು. ಇನ್ನೊಂದು. ಚೌಕದಲ್ಲಿ ಗದ್ದಲ ಅಂಚಿನಿಂದ ನಡುವಿಗೆ ಇಳಿಯುತ್ತ ಬಂತು. ಮತ್ತೆ ಮೂರು. ಜನರ ತುಟಿಗಳು ಲೆಕ್ಕ ಹಾಕುತ್ತಿದ್ದವು. ಮತ್ತೆ ಮೂರು. ಗಂಡಸು. ಊರಿನಲ್ಲಿ ಯಾರೋ ಗಂಡಸು ಸತ್ತಿದ್ದಾನೆ. ಹಾಸಿಗೆ ಹಿಡಿದವರು ಯಾರಿದ್ದರು ಎಂದು ಎಲ್ಲರೂ ಪಕ್ಕದವರ ಮುಖ ನೋಡಿದರು. ಟೋಪಿಗಳು ಒಂದೊಂದಾಗಿ ಕೆಳಗಿಳಿದವು.

ಬಾಲ್ತಸಾರನ ಕೈಯಲ್ಲಿ ಕಡ್ಡಿ ಹಾಗೇ ಇತ್ತು. ಅವನ ತಾಯಿ ದೋನ್ಯಾ ತ್ರಾನ್ಸಿತೊ, ಎಂಬತ್ತು ದಾಟಿದ ಮುದುಕಿ, ಗುಂಪಿನ ಮುಂದೆಯೇ ಇದ್ದಳು. ಮೊದಲು ಮಂಡಿಯೂರಿದವಳು ಅವಳೇ.

'ಅಮ್ಮ, ಅದು ಮುದುಕನ ಆಟ' ಎಂದ ಬಾಲ್ತಸಾರ್.

'ಬಾಯಿ ಮುಚ್ಚು. ಹೆಸರು ಬರಲಿ. ಟೋಪಿ ತೆಗಿ ಮೊದಲು, ಯಾರ ಹೊಟ್ಟೇಲಿ ಹುಟ್ಟಿದೆಯೋ ನೀನು!'

ಅವನು ಟೋಪಿ ತೆಗೆದ. ಕಡ್ಡಿ ಕೊರೆಯಲಿಲ್ಲ.

ಮೇಲಿನಿಂದ ದನಿ ಬಂತು. ಅದೇ ಮೆತ್ತನೆಯ ದನಿ. ಅಷ್ಟು ಮೌನದಲ್ಲಿ ಪ್ರತಿ ಅಕ್ಷರವೂ ಕೇಳಿತು. 'ಫಿಲೆಮೋನ್ ತೆಪಾಲೆ' ಎಂದರು. 'ಸತ್ತವನು ಫಿಲೆಮೋನ್ ತೆಪಾಲೆ. ಅವನಿಗಾಗಿ ಪ್ರಾರ್ಥನೆ ಮಾಡಿ.'

ನನ್ನ ಪಕ್ಕದಲ್ಲಿ ದೆಲ್ಫಿನಾ 'ಅಪ್ಪಾ!' ಎಂದು ಕೂಗಿ ಕುಸಿದಳು. ಒಂದೇ ಸಲ ಆ ಮನುಷ್ಯ ಏನು ಮಾಡಿಬಿಟ್ಟರು ಎಂದು ನನಗೆ ಹೊಳೆಯಿತು. ಅವರ ಗಂಟಲು ನಮಗೆ ಮುಟ್ಟುವುದಕ್ಕೆ ಇನ್ನೊಂದು ದಾರಿ ಇರಲಿಲ್ಲ. ಸಾವಿನ ಗಂಟೆ ಹೊಡೆದರೆ ಮಾತ್ರ ಊರು ಬಾಯಿ ಮುಚ್ಚುತ್ತದೆ. ಹೊಡೆದ ಮೇಲೆ ಒಂದು ಹೆಸರು ಹೇಳಲೇಬೇಕು. ಇನ್ನೊಬ್ಬರ ಹೆಸರು ಹೇಳಿ ಅವರ ಆಯುಸ್ಸು ಕಳೆಯುವ ಮನುಷ್ಯ ಅವರಲ್ಲ.

'ಸತ್ತವನ ಮಾತು ಕೇಳಿ' ಎಂದರು ಮೇಲಿನಿಂದ. 'ಸಂತ ಎಲ್ಲಿಗೂ ಹೋಗ್ತಿರಲಿಲ್ಲ. ಅಂಗಳದ ಶಿಲುಬೆ ಕಟ್ಟೆ ಮೇಲೆ ಅವನನ್ನ ಬಿಸಿಲಿಗೆ ನಿಲ್ಲಿಸಿದ್ರು. ಆ ಹುಡುಗಿ ಕುಂಚ ತಗೊಂಡು ಅವನ ಮುಖದ ಧೂಳು ಒರೆಸ್ತಿದ್ಳು. ನಾನು ಬಟ್ಟೆ ಕಂಡ ಕೂಡ್ಲೇ ಹಗ್ಗ ಎಳೆದೆ. ಉಳಿದಿದ್ದು ಆಮೇಲೆ ಕಂಡೆ. ಅಷ್ಟೊತ್ತಿಗೆ ನೀವು ಬಂದಾಗಿತ್ತು. ಗಂಟೆ ತಪ್ಪು ಮಾಡಿಲ್ಲ, ಕಣ್ಣು ತಪ್ಪು ಮಾಡ್ತು. ನನ್ನ ಕಣ್ಣು. ಅವರನ್ನ ಬಿಡಿ. ನನ್ನನ್ನ ಮಣ್ಣಿಗೆ ಹಾಕೋವರೆಗೆ ಈ ಊರಲ್ಲಿ ಯಾರೂ ಬೆಂಕಿ ಹಚ್ಚಕೂಡದು, ನಿಮಗೆ ಗೊತ್ತಿದೆ.'

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮೂರಲ್ಲಿ ಗಂಟೆಯೂ ಹಾಗೆಯೇ. ದೋನ್ಯಾ ತ್ರಾನ್ಸಿತೊ ಪ್ರಾರ್ಥನೆ ಶುರು ಮಾಡಿದಳು. ಮೊದಲು ಅವಳೊಬ್ಬಳೇ, ಆಮೇಲೆ ಹತ್ತು ಜನ, ಆಮೇಲೆ ಚೌಕವೆಲ್ಲ. ಮಚ್ಚು ಹಿಡಿದವರು ಮಚ್ಚನ್ನು ನೆಲಕ್ಕಿಟ್ಟು ಮಂಡಿಯೂರಿದರು. ಪ್ರಾರ್ಥನೆ ಮುಗಿದ ಮೇಲೆ ಪದ್ಧತಿಯಂತೆ ಎಲ್ಲರೂ ಎದ್ದು ಸತ್ತವರ ಮನೆಯ ಕಡೆ, ಎಂದರೆ ಗೋಪುರದ ಬುಡದ ಆ ಒಂದು ಕೋಣೆಯ ಕಡೆ, ತಲೆ ತಗ್ಗಿಸಿ ನಡೆದರು. ಹಬ್ಬಕ್ಕೆ ಸೇರಿದ ಜನ ಕರಗಿದ ಹಾಗಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳು ಸರಿದುಹೋಗುವ ಹಾಗೆ.

ಬಾಲ್ತಸಾರ್ ಮಾತ್ರ ನಿಂತಿದ್ದ. ಕಡ್ಡಿಯನ್ನು ಪೆಟ್ಟಿಗೆಗೆ ವಾಪಸ್ಸು ಹಾಕಲು ನೋಡುತ್ತಿದ್ದ, ಅದು ಒಳಗೆ ಹೋಗುತ್ತಿರಲಿಲ್ಲ. ತಾಯಿ ಬಂದು ಅವನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗಂಟು ಬಿಚ್ಚಿದ್ದು ನಾನು. ಒದ್ದೆ ಹಗ್ಗ, ಪೆಟ್ರೋಲಿನ ಕೈ, ಬೆರಳು ಜಾರುತ್ತಿತ್ತು. ಗಡ್ಡದವನು ನೀರು ಕೇಳಿದ. ಹುಡುಗಿ ನನ್ನ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ, ದೆಲ್ಫಿನಾಳ ಕೈಯಿಂದ ತೆಗೆದುಕೊಂಡಳು. ಸರಿಯಾಗಿಯೇ ಮಾಡಿದಳು. ಅವರನ್ನು ಗಿರಣಿಯ ಹಿಂದೆ ಸ್ನಾನಕ್ಕೆ ಕಳಿಸಿ, ನನ್ನ ಹಳೆಯ ಪೆಟ್ಟಿಗೆಯಿಂದ ಬಟ್ಟೆ ತೆಗೆದುಕೊಟ್ಟೆ. ಸಂಜೆಯ ಮಳೆಗೆ ಮೊದಲು ಅವರ ಗಾಡಿ ಊರು ದಾಟಿತು.

ಆಮೇಲಿನದು ಅರ್ಧ ನಗು, ಅರ್ಧ ಅಳು. ಹಿರಿಯರು ಕೂತು ಯೋಚಿಸಿದರು. ಹೆಣ ಇಲ್ಲ, ಆದರೆ ಗಂಟೆ ಆಗಿದೆ. ಬೆಂಕಿ ಎಷ್ಟು ದಿನ ಹಚ್ಚದಿರುವುದು? ಕೊನೆಗೆ ದೋನ್ ಫಿಲೆಮೋನರ ಟೋಪಿಯನ್ನು ಒಂದು ಡಬ್ಬದಲ್ಲಿಟ್ಟು ರುಪೆರ್ತಾಳ ಪಕ್ಕ ಹೂಳಿದರು. ಅವರೂ ಬಂದು, ಬರಿತಲೆಯಲ್ಲಿ ನಿಂತು, ಒಂದು ಹಿಡಿ ಮಣ್ಣು ಹಾಕಿದರು. ಒಂಬತ್ತು ದಿನ ಅವರ ಕೋಣೆಯಲ್ಲಿ ಜಪಮಾಲೆ ನಡೆಯಿತು. ಸಾವಿನ ಮನೆಯ ಕಡುಬಿಗೆ ಜೋಳ ನಾನೇ ಬೀಸಿಕೊಟ್ಟೆ. ದಿವಂಗತರು ಮೂಲೆಯಲ್ಲಿ ಕೂತು ತಮ್ಮ ಆತ್ಮಶಾಂತಿಗೆ ತಾವೇ ಮಣಿ ಎಣಿಸಿ, ತಮ್ಮ ತಿಥಿಯ ಕಡುಬನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು.

ಒಂಬತ್ತನೆಯ ದಿನ ನಾನು ಅವರ ಮುಂದೆ ಕೂತು ಹೇಳಿದೆ. 'ಕೊಂಪಾದ್ರೆ, ಕ್ಯಾನ್ ತಂದದ್ದು ನಾನು.'

'ನೋಡಿದೆ ಕೊಮಾದ್ರೆ. ಮೇಲಿಂದ ಎಲ್ಲಾ ಕಾಣ್ಸುತ್ತೆ.'

'ಬೈಯಿರಿ ನನ್ನನ್ನ.'

'ಹಗ್ಗ ನನ್ನ ಕೈಲಿತ್ತು, ಕ್ಯಾನ್ ನಿಮ್ಮ ಕೈಲಿತ್ತು. ಯಾರು ಯಾರನ್ನ ಬೈಯೋದು? ಗಂಜಿ ಆರಿಹೋಗ್ತಿದೆ, ಕುಡೀರಿ.'

ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ಒಂದು ದಿನ ಮರೆತುಹೋಗುತ್ತದೆ.

ವರ್ಷ ಕಳೆಯಿತು, ಅವರು ಸಾಯಲಿಲ್ಲ. ಎರಡು ವರ್ಷ, ಐದು ವರ್ಷ. ಊರು ಅವರನ್ನು ದಿವಂಗತರು ಎಂದೇ ಕರೆಯಿತು. 'ದಿವಂಗತರೇ, ಇವತ್ತು ಮೋಡ ಹೇಗಿದೆ?' 'ದಿವಂಗತರಿಗೆ ಇನ್ನೊಂದು ರೊಟ್ಟಿ ಹಾಕ್ರೇ.' ಸತ್ತವರ ಹಬ್ಬದ ದಿನ ದೆಲ್ಫಿನಾ ಅಮ್ಮನಿಗೂ ಅಪ್ಪನಿಗೂ ಎಡೆ ಇಡುತ್ತಿದ್ದಳು, ಅಪ್ಪ ಗೋಪುರ ಇಳಿದು ಬಂದು ತಮ್ಮ ಎಡೆಯನ್ನು ತಾವೇ ಉಂಡು, 'ಉಪ್ಪು ಕಮ್ಮಿ' ಎನ್ನುತ್ತಿದ್ದರು. ಆದರೆ ಅವರು ಅದನ್ನು ತಮಾಷೆ ಎಂದುಕೊಂಡಿರಲಿಲ್ಲ. 'ಗ್ರೆಗೋರಿಯಾ ಸುಳ್ಳು ಹೇಳಲ್ಲ ಕೊಮಾದ್ರೆ, ತಡ ಮಾಡ್ತಾಳೆ ಅಷ್ಟೆ' ಎಂದು ನನ್ನ ಹತ್ತಿರ ಹೇಳುತ್ತಿದ್ದರು. ಪ್ರತಿ ರಾತ್ರಿ ಒಗೆದ ಅಂಗಿ ತೊಟ್ಟೇ ಮಲಗುತ್ತಿದ್ದರು ಎಂದು ದೆಲ್ಫಿನಾ ನನಗೆ ಹೇಳಿದ್ದಾಳೆ. ಹನ್ನೊಂದು ವರ್ಷ ಹಾಗೆ ಮಲಗಿದರು.

ಆ ಹುಡುಗಿಯಿಂದ ಒಂದು ಸಲ ಅಂಚೆಯಲ್ಲಿ ಒಂದು ಫೋಟೋ ಬಂತು, ಜೊತೆಗೆ ಒಂದು ಮಾತೂ ಬರೆದಿರಲಿಲ್ಲ. ಬಿಸಿಲಿನಲ್ಲಿ ನಿಂತ ನಮ್ಮ ಸಂತ, ಮುಖದ ಅರ್ಧ ಧೂಳು ಒರೆಸಿದ್ದು, ಅರ್ಧ ಒರೆಸದ್ದು. ದೋನ್ ಫಿಲೆಮೋನರು ಅದನ್ನು ಹಗ್ಗದ ಪಕ್ಕದ ಗೋಡೆಗೆ ಹಚ್ಚಿದರು.

ಕಾಲು ಸೋತ ಮೇಲೆ ದೆಲ್ಫಿನಾಳಿಗೆ ಗಂಟೆ ಕಲಿಸಿದರು. ಹೆಣ್ಣು ಗಂಟೆ ಹೊಡೆಯುವುದುಂಟಾ ಎಂದು ಕೆಲವರು ಗೊಣಗಿದರು. 'ಸತ್ತವನ ಹತ್ತಿರ ವಾದ ಮಾಡಬೇಡಿ' ಎಂದು ಅವರ ಬಾಯಿ ಮುಚ್ಚಿಸಿದರು. ಪೂಜೆಯ ಗಂಟೆ, ಮೋಡದ ಗಂಟೆ, ಸಾವಿನ ಗಂಟೆ, ಎಲ್ಲ ಕಲಿಸಿದರು. ಬೆಳಗಿನ ಗಂಟೆ ಮಾತ್ರ ಕೊನೆಯವರೆಗೂ ತಾವೇ ಹೊಡೆದರು, ಮೆಟ್ಟಿಲ ಮೇಲೆ ಕೂತು ಕೂತು ಏರಿಯಾದರೂ. ಕೂಗುಗಂಟೆ ಕಲಿಸಲಿಲ್ಲ. ಕೇಳಿದ್ದಕ್ಕೆ, 'ಅದು ನನ್ನ ಜೊತೆ ಬರಲಿ ಮಗಳೇ' ಎಂದರಂತೆ. ಈಗ ನಮ್ಮೂರಲ್ಲಿ ಅದನ್ನು ಹೊಡೆಯಲು ಬರುವವರು ಯಾರೂ ಇಲ್ಲ.

ಹೋದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ದೆಲ್ಫಿನಾ ಗಿರಣಿಗೆ ಬಂದಳು. ಸಾಲಿನಲ್ಲಿ ನಿಲ್ಲಲಿಲ್ಲ, ನೇರವಾಗಿ ಒಳಗೆ ಬಂದು ನನ್ನ ಕೈ ಹಿಡಿದಳು. ನಾನು ಯಂತ್ರ ನಿಲ್ಲಿಸಿದೆ. 'ಅಪ್ಪ ಏಳಲಿಲ್ಲ ಅಮ್ಮಾ' ಎಂದಳು. 'ಹಗ್ಗದ ಹತ್ತಿರ ಹೋದೆ. ಕೈ ಎತ್ತಿದೆ. ಆಮೇಲೆ ನೆನಪಾಯ್ತು.'

ಒಬ್ಬರಿಗೆ ಒಂದೇ ಗಂಟೆ. ಅವರದನ್ನು ಅವರು ಆ ಇಬ್ಬರಿಗೆ ಕೊಟ್ಟು ಖರ್ಚು ಮಾಡಿಬಿಟ್ಟಿದ್ದರು. ಊರಿಗೆಲ್ಲ ಗಂಟೆ ಹೊಡೆದ ಮನುಷ್ಯನಿಗೆ ಹೊಡೆಯಲು ಗಂಟೆ ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

'ನೀನು ಅಪ್ಪನ ಹತ್ತಿರ ಕೂತ್ಕೋ' ಎಂದೆ. 'ಹೆಸರು ನಾನು ಹೇಳಿ ಬರ್ತೀನಿ.'

ಚೌಕದ ಈ ಮೂಲೆಯಿಂದ ಹೊರಟೆ. ಎಪ್ಪತ್ತು ದಾಟಿದ ಕಾಲು, ಏರುದಾರಿ. ಮೊದಲ ಬಾಗಿಲು ತಟ್ಟಿದೆ. ತೆರೆದವಳ ಕೈಯಲ್ಲಿ ಬೂದಿಯ ಮೊರ ಇತ್ತು, ಒಲೆ ಮುಚ್ಚಿತ್ತು. ಎರಡನೆಯ ಮನೆಯಲ್ಲೂ ಹಾಗೆಯೇ. ಮೂರನೆಯದರಲ್ಲೂ. ಯಾರೂ ಹೇಳಿರಲಿಲ್ಲ. ಬೆಳಗಿನ ಗಂಟೆ ಕೇಳಿಸದೆ ಜನ ಎದ್ದು ಕೂತಿದ್ದರು, ಅಷ್ಟು ಸಾಕಾಗಿತ್ತು. ಇಳಿಜಾರಿನಲ್ಲಿ ನಿಂತು ನೋಡಿದರೆ ಇಡೀ ಊರಿನ ಒಂದು ಹಂಚಿನ ಮೇಲೂ ಹೊಗೆ ಇರಲಿಲ್ಲ.

ಕೊನೆಯ ಮನೆ ಬಾಲ್ತಸಾರನದು. ತಾಯಿ ಹೋದ ಮೇಲೆ ಒಬ್ಬನೇ ಇದ್ದಾನೆ. ಹೊಸ್ತಿಲ ಮೇಲೆ ಕೂತಿದ್ದ, ಟೋಪಿ ಮಂಡಿಯ ಮೇಲೆ. ನನ್ನನ್ನು ಕಂಡು, 'ಗೊತ್ತಾಯ್ತು ಪಿಫಾ. ಹೇಳಬೇಡ, ಹೋಗು' ಎಂದ.

'ಹೇಳಬೇಕು' ಎಂದೆ. 'ಅವತ್ತು ಕ್ಯಾನ್ ತಂದುಕೊಟ್ಟವಳು ನಾನಲ್ಲವಾ.'

ಅವನು ಮಂಡಿಯೂರಿದ. ಎಲ್ಲ ಮನೆಗಳಲ್ಲೂ ಹೇಳಿದ ಹಾಗೆ ಅಲ್ಲೂ ಹೇಳಿದೆ. ಅವರ ಹಾಗೆಯೇ ಮೆತ್ತಗೆ, ಅವನು ಬಗ್ಗಿ ಕೇಳುವಷ್ಟು ಮೆತ್ತಗೆ: 'ಫಿಲೆಮೋನ್ ತೆಪಾಲೆ. ಅವರಿಗಾಗಿ ಪ್ರಾರ್ಥನೆ ಮಾಡು.'